ಜೇನ್ ಆಡಮ್ಸ್

ಜೇನ್ ಆಡಮ್ಸ್ (ಸೆಪ್ಟೆಂಬರ್ 6, 1860 – ಮೇ 21, 1935) ಅಮೆರಿಕ ಸಂಯುಕ್ತ ಸಂಸ್ಥಾನದ ಸಮಾಜ ಸುಧಾರಕಿ, ಲೇಖಕಿ ಹಾಗೂ ಶಾಂತಿವಾದಿ. ಶಿಕಾಗೋ ನಗರದ ವಲಸಿಗರ ಬಡಾವಣೆಯಲ್ಲಿ ಹಲ್ ಹೌಸ್ ಎಂಬ ಸೇವಾಕೇಂದ್ರವನ್ನು 1889ರಲ್ಲಿ ಸ್ಥಾಪಿಸಿದ ಇಬ್ಬರಲ್ಲಿ ಇವರು ಒಬ್ಬರು. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಇವರು ಆ ಗೌರವಕ್ಕೆ ಪಾತ್ರರಾದ ಮೊದಲ ಅಮೆರಿಕನ್ ಮಹಿಳೆ. ವಲಸಿಗರ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಶಾಲೆಯು ಆ ಮಕ್ಕಳು ತಮ್ಮ ತಾಯ್ನುಡಿಯನ್ನೂ ಹೆತ್ತವರನ್ನೂ ಕೀಳಾಗಿ ಕಾಣುವಂತೆ ಮಾಡಬಾರದೆಂಬುದು ಇವರ ಶಿಕ್ಷಣ ಚಿಂತನೆಯ ತಿರುಳು.

ಬಾಲ್ಯ ಮತ್ತು ಶಿಕ್ಷಣ

ಆಡಮ್ಸ್ ಇಲಿನಾಯ್ ರಾಜ್ಯದ ಸೀಡರ್‌ವಿಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜಾನ್ ಆಡಮ್ಸ್ ಗಿರಣಿಯ ಒಡೆಯರು, ರಾಜ್ಯದ ಸೆನೆಟ್ ಸದಸ್ಯರು ಮತ್ತು ಅಬ್ರಹಾಂ ಲಿಂಕನ್ನರ ಸ್ನೇಹಿತರು. ತಾಯಿ ಸಾರಾ ತೀರಿಕೊಂಡಾಗ ಜೇನ್‌ಗೆ ಎರಡು ವರ್ಷ. ಚಿಕ್ಕಂದಿನಲ್ಲೇ ಬೆನ್ನುಮೂಳೆಯ ಕ್ಷಯರೋಗಕ್ಕೆ ತುತ್ತಾದ ಇವರು ಬದುಕಿನುದ್ದಕ್ಕೂ ಅನಾರೋಗ್ಯವನ್ನು ಅನುಭವಿಸಿದರು. 1881ರಲ್ಲಿ ರಾಕ್‌ಫರ್ಡ್ ಮಹಿಳಾ ವಿದ್ಯಾಲಯದ ವ್ಯಾಸಂಗ ಮುಗಿಸಿದರು. ಅದೇ ವರ್ಷ ತಂದೆಯೂ ನಿಧನರಾದರು. ವೈದ್ಯಶಿಕ್ಷಣವನ್ನು ಆರಂಭಿಸಿದರೂ ಅನಾರೋಗ್ಯದ ಕಾರಣ ಮುಂದುವರಿಸಲಾಗಲಿಲ್ಲ. 1888ರಲ್ಲಿ ಲಂಡನ್ನಿನ ಟಾಯ್ನ್‌ಬೀ ಹಾಲ್‌ಗೆ ಭೇಟಿಯಿತ್ತು, ವಿದ್ಯಾವಂತರು ಬಡವರ ಕೇರಿಯಲ್ಲೇ ನೆಲೆಸಿ ದುಡಿಯುವ ಕ್ರಮವನ್ನು ಕಂಡುಬಂದರು.

ಹಲ್ ಹೌಸ್

1889ರ ಸೆಪ್ಟೆಂಬರ್‌ನಲ್ಲಿ ಆಡಮ್ಸ್ ತಮ್ಮ ಸಹಪಾಠಿಯಾಗಿದ್ದ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ ಶಿಕಾಗೋದ ಹಾಲ್‌ಸ್ಟೆಡ್ ಬೀದಿಯ ಹಳೆಯ ಮನೆಯೊಂದರಲ್ಲಿ ನೆಲೆಸಿದರು. ಆಗ ನಗರದ ಜನಸಂಖ್ಯೆ ಸುಮಾರು 11 ಲಕ್ಷ. ಅವರಲ್ಲಿ ಶೇಕಡ 40ರಷ್ಟು ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಮನೆಯ ಸುತ್ತಮುತ್ತ ಇಟಾಲಿಯನ್ನರು, ಜರ್ಮನ್ನರು, ಬೊಹೀಮಿಯನ್ನರು, ಐರಿಷರು, ರಷ್ಯಾ ಮತ್ತು ಪೋಲೆಂಡಿನ ಯಹೂದಿಗಳು ವಾಸವಾಗಿದ್ದರು. ಮುಂದೆ ಗ್ರೀಕರೂ ಮೆಕ್ಸಿಕನ್ನರೂ ಬಂದು ಸೇರಿದರು. ಫ್ಲಾರೆನ್ಸ್ ಕೆಲ್ಲಿ ಮತ್ತಿತರ ನಿವಾಸಿಗಳು ಮನೆಮನೆಯ ಸಮೀಕ್ಷೆಯ ಆಧಾರದಿಂದ 1895ರಲ್ಲಿ ಪ್ರಕಟಿಸಿದ ನಕ್ಷೆಗಳು ಆ ಸಣ್ಣ ಪ್ರದೇಶವೊಂದರಲ್ಲೇ 18 ರಾಷ್ಟ್ರೀಯತೆಗಳ ಜನರನ್ನು ಗುರುತಿಸಿದವು.

ಶಿಶುವಿಹಾರ, ವಾಚನಾಲಯ, ಸಂಜೆಯ ಇಂಗ್ಲಿಷ್ ತರಗತಿ, ಸಂಗೀತಶಾಲೆ, ರಂಗಮಂಟಪ ಮುಂತಾದವು ಒಂದೊಂದಾಗಿ ಬೆಳೆದು ಹಲ್ ಹೌಸ್ 13 ಕಟ್ಟಡಗಳ ಸಮುಚ್ಚಯವಾಯಿತು. 1903ರಲ್ಲಿ ನೆರೆಹೊರೆಯ ಗ್ರೀಕ್ ವಲಸಿಗರು ಸಾಫೊಕ್ಲಿಸ್‌ನ ಏಜಾಕ್ಸ್ ನಾಟಕವನ್ನು ಗ್ರೀಕ್ ಭಾಷೆಯಲ್ಲೇ ಆಡಿದರು. ಹಗಲಿನಲ್ಲಿ ಹಣ್ಣು ಮಾರುವವರೆಂದು ಮಾತ್ರ ಪರಿಚಿತರಾಗಿದ್ದವರ ಹಿಂದೆ ಎಂತಹ ಪರಂಪರೆಯಿದೆಯೆಂಬುದು ಊರಿಗೆ ತಿಳಿಯಲೆಂಬುದು ಇಂತಹ ಪ್ರಯೋಗಗಳ ಆಶಯವಾಗಿತ್ತು.

ಶಾಲೆ, ಭಾಷೆ ಮತ್ತು ವಲಸಿಗರ ಮಕ್ಕಳು

ಶಾಲೆಯ ಭಾಷೆಯು ಆ ಕಾಲದ ಇಲಿನಾಯ್ ರಾಜ್ಯದಲ್ಲಿ ರಾಜಕೀಯ ವಿವಾದವಾಗಿತ್ತು. ಇಂಗ್ಲಿಷ್ ಬೋಧನೆಯನ್ನು ಕಡ್ಡಾಯಗೊಳಿಸಿದ ಎಡ್ವರ್ಡ್ಸ್ ಕಾಯಿದೆ ಹಲ್ ಹೌಸ್ ಹುಟ್ಟಿದ ವರ್ಷವೇ ಜಾರಿಗೆ ಬಂದಿತು. ತಮ್ಮದೇ ಶಾಲೆಗಳನ್ನು ನಡೆಸುತ್ತಿದ್ದ ಜರ್ಮನ್ ಭಾಷಿಕರ ತೀವ್ರ ವಿರೋಧದಿಂದಾಗಿ 1893ರಲ್ಲಿ ಅದನ್ನು ರದ್ದುಪಡಿಸಲಾಯಿತು.

ಆಡಮ್ಸ್ ಇಂಗ್ಲಿಷ್ ಕಲಿಕೆಯನ್ನು ವಿರೋಧಿಸಲಿಲ್ಲ. ಇಂಗ್ಲಿಷ್ ಬಾರದ ಕಾರ್ಮಿಕನಿಗೆ ನ್ಯಾಯವಾದ ಕೂಲಿಯೂ ನಾಗರಿಕ ಹಕ್ಕೂ ದುರ್ಲಭವೆಂಬುದನ್ನು ಅವರು ದಿನನಿತ್ಯ ಕಾಣುತ್ತಿದ್ದರು. ಅವರ ಆಕ್ಷೇಪವಿದ್ದುದು ಕಲಿಸುವ ರೀತಿಗೆ. ಇಂಗ್ಲಿಷ್ ಬೇಗ ಕಲಿತ ಮಗು ಅಂಗಡಿಯಲ್ಲಿ, ಕಚೇರಿಯಲ್ಲಿ ತಂದೆತಾಯಿಗೆ ದುಭಾಷಿಯಾಗುತ್ತದೆ. ಮನೆಯ ಹಿರಿತನ ತಲೆಕೆಳಗಾಗುತ್ತದೆ. ಹೆತ್ತವರ ಮಾತು, ಉಡುಪು, ಊಟ ಎಲ್ಲವೂ ನಾಚಿಕೆಯ ವಿಷಯಗಳಾಗುತ್ತವೆ. ಮನೆಯ ಅಂಕೆ ತಪ್ಪಿದ ಮಕ್ಕಳು ಬಾಲನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಅವರು ಕಂಡುಕೊಂಡರು.

ಈ ಬಿರುಕನ್ನು ಮುಚ್ಚುವ ಪ್ರಯತ್ನವಾಗಿ 1900ರಲ್ಲಿ ಹಲ್ ಹೌಸ್‌ನಲ್ಲಿ ಶ್ರಮ ವಸ್ತುಸಂಗ್ರಹಾಲಯವು ಆರಂಭವಾಯಿತು. ಇಲ್ಲಿ ನಾನಾ ದೇಶಗಳ ವಯಸ್ಸಾದ ಹೆಂಗಸರು ತಂತಮ್ಮ ನಾಡಿನ ಕ್ರಮದಲ್ಲಿ ನೂಲುತ್ತಿದ್ದರು, ನೇಯುತ್ತಿದ್ದರು. ಏಂಜಲೀನಾ ಎಂಬ ಇಟಾಲಿಯನ್ ಹುಡುಗಿಯ ಪ್ರಸಂಗವನ್ನು ಆಡಮ್ಸ್ 1910ರ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಅಡುಗೆ ತರಗತಿಗೆ ಬರುತ್ತಿದ್ದ ಆಕೆ, ತಲೆಗೆ ವಸ್ತ್ರ ಸುತ್ತಿಕೊಂಡು ನೂಲಲು ಬರುವ ತಾಯಿಯ ಜೊತೆ ಕಾಣಿಸಿಕೊಳ್ಳಲು ಹಿಂಜರಿದು ಬೇರೆ ಬಾಗಿಲಿನಿಂದ ಒಳಬರುತ್ತಿದ್ದಳು. ಒಂದು ಸಂಜೆ ಶಿಕ್ಷಣತಜ್ಞರ ಗುಂಪೊಂದು ತಾಯಿಯ ಸುತ್ತ ನಿಂತು ಆಕೆಯ ತಕಲಿಯ ಕೈಚಳಕವನ್ನು ಮೆಚ್ಚಿಕೊಂಡುದನ್ನು ಮಗಳು ಕಂಡಳು. ತಾಯಿ ಕೈಯಾರೆ ನೂತು ಮಾಡಿದ, ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಉಡುಪುಗಳಿಗೆ ಅವಳ ಕಣ್ಣಿನಲ್ಲಿ ಬೆಲೆ ಬಂದಿತು. ಅಲ್ಲಿಂದ ಮುಂದೆ ಅವಳೂ ತಾಯಿ ಬರುವ ಬಾಗಿಲಿನಿಂದಲೇ ಬರತೊಡಗಿದಳು.

1905ರಲ್ಲಿ ಆಡಮ್ಸ್ ಶಿಕಾಗೋ ಶಿಕ್ಷಣ ಮಂಡಳಿಯ ಸದಸ್ಯರಾಗಿ ನೇಮಕಗೊಂಡರು. ಶಿಕ್ಷಕಿಯರ ಸಂಘಕ್ಕೂ ಆಡಳಿತಕ್ಕೂ ನಡುವೆ ನಡೆಯುತ್ತಿದ್ದ ಕಲಹದಲ್ಲಿ ರಾಜಿಯ ಮಾರ್ಗ ಹಿಡಿದ ಅವರು ಸಂಘದವರ ಟೀಕೆಗೆ ಗುರಿಯಾದರು. 1908ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಜರುಗಿದ ರಾಷ್ಟ್ರೀಯ ಶಿಕ್ಷಣ ಸಂಘದ ಸಮ್ಮೇಳನದಲ್ಲಿ ಸಾರ್ವಜನಿಕ ಶಾಲೆ ಮತ್ತು ವಲಸಿಗ ಮಗುವಿನ ವಿಷಯವಾಗಿ ಮಾತನಾಡಿದರು. ಶಿಕ್ಷಕರು ಮಕ್ಕಳ ಮೂಲದೇಶಗಳ ಇತಿಹಾಸ, ಹಾಡು, ಕಸುಬುಗಳನ್ನು ತಿಳಿದಿರಬೇಕು, ಹೆತ್ತವರ ಭಾಷೆಯ ಸೊಬಗನ್ನು ಮಗುವಿಗೆ ಮನಗಾಣಿಸಬೇಕು ಎಂಬುದು ಅಲ್ಲಿ ಅವರು ಮುಂದಿಟ್ಟ ವಾದ.

ವಲಸೆ ವಿರೋಧದ ಎದುರು

ಅದೇ 1908ರ ಮಾರ್ಚ್‌ನಲ್ಲಿ ಲಾಜರಸ್ ಅವರ್‌ಬುಕ್ ಎಂಬ ಯಹೂದಿ ವಲಸಿಗ ಯುವಕನನ್ನು ಶಿಕಾಗೋ ಪೊಲೀಸ್ ಮುಖ್ಯಸ್ಥರು ಗುಂಡಿಕ್ಕಿ ಕೊಂದರು. ಆತ ಅರಾಜಕತಾವಾದಿಯೆಂಬ ಸುದ್ದಿ ಹಬ್ಬಿ ರಷ್ಯಾದ ಯಹೂದಿಗಳೆಲ್ಲರ ಮೇಲೆ ಸಂಶಯ ಕವಿಯಿತು. ಆಡಮ್ಸ್ ನಿಷ್ಪಕ್ಷಪಾತ ವಿಚಾರಣೆಗೆ ಒತ್ತಾಯಿಸಿ, ವಕೀಲರ ನೆರವನ್ನೂ ಏರ್ಪಡಿಸಿದರು. ಇದರಿಂದ ಪತ್ರಿಕೆಗಳ ನಿಂದೆಯನ್ನು ಎದುರಿಸಬೇಕಾಯಿತು. ಆ ವರ್ಷವೇ ಸ್ಥಾಪನೆಯಾದ ವಲಸಿಗರ ರಕ್ಷಣಾ ಸಂಘದಲ್ಲೂ ಅವರು ಪಾಲ್ಗೊಂಡರು.

ಮೊದಲ ಮಹಾಯುದ್ಧವನ್ನು ವಿರೋಧಿಸಿದ ಆಡಮ್ಸ್ 1915ರಲ್ಲಿ ಹೇಗ್ ನಗರದ ಮಹಿಳಾ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಯುದ್ಧಕಾಲದಲ್ಲಿ ಜರ್ಮನ್ ಭಾಷೆಯ ಮೇಲಿನ ದ್ವೇಷ ಶಾಲೆಗಳನ್ನೂ ಹೊಕ್ಕಿತು. ನೆಬ್ರಾಸ್ಕಾ ರಾಜ್ಯವು ಎಳೆಯ ಮಕ್ಕಳಿಗೆ ಅನ್ಯಭಾಷೆ ಕಲಿಸುವುದನ್ನೇ 1919ರಲ್ಲಿ ನಿಷೇಧಿಸಿತು. 1923ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಷೇಧವನ್ನು ಅಸಿಂಧುಗೊಳಿಸಿತು. 1917ರ ಕಾಯಿದೆ ವಲಸಿಗರಿಗೆ ಅಕ್ಷರಪರೀಕ್ಷೆಯನ್ನು ವಿಧಿಸಿದರೆ, 1924ರ ಕಾಯಿದೆ ದಕ್ಷಿಣ ಮತ್ತು ಪೂರ್ವ ಯುರೋಪಿನವರ ಪ್ರವೇಶವನ್ನು ಬಹಳವಾಗಿ ಕಡಿತಗೊಳಿಸಿ, ಏಷ್ಯಾದ ಬಹುತೇಕರನ್ನು ಹೊರಗಿಟ್ಟಿತು. ಆಡಮ್ಸ್ ಈ ನೀತಿಯನ್ನು ಟೀಕಿಸುತ್ತಲೇ ಬಂದರು. ಒಮ್ಮೆ ನಾಡಿನ ಅಚ್ಚುಮೆಚ್ಚಿನ ಮಹಿಳೆಯಾಗಿದ್ದವರು ಈಗ ದೇಶದ್ರೋಹಿಯೆಂಬ ಆರೋಪವನ್ನೂ ಹೊರಬೇಕಾಯಿತು.

ಕೊನೆಯ ದಿನಗಳು

1931ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಆಡಮ್ಸ್ ನಿಕೋಲಸ್ ಮರ‍್ರೆ ಬಟ್ಲರ್ ಅವರೊಡನೆ ಹಂಚಿಕೊಂಡರು. ತಮ್ಮ ಪಾಲಿನ ಹಣವನ್ನು ಮಹಿಳೆಯರ ಅಂತರರಾಷ್ಟ್ರೀಯ ಶಾಂತಿ ಮತ್ತು ಸ್ವಾತಂತ್ರ್ಯ ಸಂಘಕ್ಕೆ ನೀಡಿದರು. 1935ರ ಮೇ 21ರಂದು ಶಿಕಾಗೋದಲ್ಲಿ ನಿಧನರಾದರು. ಹಲ್ ಹೌಸ್‌ನ ಅಂಗಳದಲ್ಲಿ ಜರುಗಿದ ಅಂತಿಮ ದರ್ಶನಕ್ಕೆ ನೆರೆಹೊರೆಯ ವಲಸಿಗ ಕುಟುಂಬಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿದ್ದವು. ಅವರ ಸಮಾಧಿ ಹುಟ್ಟೂರಾದ ಸೀಡರ್‌ವಿಲ್‌ನಲ್ಲಿದೆ. ಹಲ್ ಹೌಸ್‌ನ ಬಹುತೇಕ ಕಟ್ಟಡಗಳನ್ನು 1960ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕಾಗಿ ಕೆಡವಲಾಯಿತು. ಉಳಿದ ಮೂಲ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.