ಒಂಟಿಕೊಪ್ಪಲಿನ ಮನೆಯಿಂದ ಹೊರಟ ದನಿ

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ರೇಡಿಯೊ ಜೊತೆಗೆ ಒಂದು ಪುಟ್ಟ ಪುಸ್ತಕವೂ ಇತ್ತು. ತಂದೆಯವರು ವರ್ಷಕ್ಕೊಮ್ಮೆ ಅದನ್ನು ಅಂಚೆ ಕಚೇರಿಗೆ ಒಯ್ದು, ಶುಲ್ಕ ಕಟ್ಟಿ, ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. 1933ರ ನಿಸ್ತಂತು ಕಾಯ್ದೆಯ ದೆಸೆಯಿಂದ ಕೇಳುವುದಕ್ಕೂ ಪರವಾನಗಿ ಬೇಕಿತ್ತು. 1980ರ ದಶಕದಲ್ಲಷ್ಟೇ ಆ ಕಟ್ಟಳೆ ಸಡಿಲವಾಯಿತು. ನಾವು ಆಲಿಸುತ್ತಿದ್ದ ಮೈಸೂರು ಆಕಾಶವಾಣಿಯ ಮೂಲಪುರುಷರು ಸರ್ಕಾರಿ ಅಧಿಕಾರಿಯಲ್ಲ, ಮನಶ್ಶಾಸ್ತ್ರದ ಮೇಷ್ಟ್ರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಡಾ. ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಸಂಶೋಧನೆ ನಡೆಸಿದವರು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಜನರ ಮನಸ್ಸನ್ನು ಅಭ್ಯಸಿಸುವವರಿಗೆ ಜನರ ಕಿವಿಯನ್ನು ಮುಟ್ಟುವ ಆಸೆ ಹುಟ್ಟಿದ್ದು ಸಹಜವೇ ಎನ್ನಬೇಕು. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಅವರು ಪ್ರಸಾರ ಆರಂಭಿಸಿದರು. ಪ್ರೇಷಕದ ಶಕ್ತಿ 30 ವಾಟ್. ಪಡಸಾಲೆಯ ಬಲ್ಬಿಗೂ ಸಾಲದಷ್ಟು! ಆ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ಸಹೋದ್ಯೋಗಿ ಎನ್. ಕಸ್ತೂರಿ ಎಂದು ಹೇಳುವುದುಂಟು. ದೆಹಲಿಯ ಸರ್ಕಾರಿ ಪ್ರಸಾರಸಂಸ್ಥೆಗೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದದ್ದು ಮರುವರ್ಷ, 1936ರಲ್ಲಿ.

ಬ್ರಿಟಿಷ್ ಇಂಡಿಯಾದಲ್ಲಿ ಖಾಸಗಿ ಪ್ರಸಾರ ಕಂಪನಿಯೊಂದು 1927ರಲ್ಲಿ ಹುಟ್ಟಿ 1930ರಲ್ಲಿ ದಿವಾಳಿಯಾಗಿತ್ತು. 1939ರಲ್ಲಿ ಯುದ್ಧ ಆರಂಭವಾದಾಗ ಅಲ್ಲಿನ ಹವ್ಯಾಸಿ ರೇಡಿಯೊದವರ ಪರವಾನಗಿಗಳೂ ರದ್ದಾದವು. ಮೈಸೂರಿನ ದನಿ ಅಡಗಲಿಲ್ಲ. ಆದರೆ ಮೇಷ್ಟ್ರ ಕೈಯಲ್ಲಿನ ಕಾಸು ಎಷ್ಟು ದಿನ ಬಾಳೀತು? ಕೇಂದ್ರ ಮೊದಲು ಪುರಸಭೆಯ ಆಸರೆಗೆ, 1942ರಲ್ಲಿ ಸಂಸ್ಥಾನದ ಸುಪರ್ದಿಗೆ, 1950ರಲ್ಲಿ ಆಲ್ ಇಂಡಿಯಾ ರೇಡಿಯೊದ ಒಡಲಿಗೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡ ಮೇಲೆ ಮೈಸೂರಿಗೆ ಕೇಂದ್ರ ಮರಳಲು 1974 ಬರಬೇಕಾಯಿತು. ಹೆಸರು ಮಾತ್ರ ಇಡೀ ದೇಶದ್ದಾಯಿತು.

ಸರ್ಕಾರ ವಹಿಸಿಕೊಂಡದ್ದು ತಪ್ಪೆಂದು ನಾನು ಹೇಳಲಾರೆ. ಇಲ್ಲದಿದ್ದರೆ ಅದು ಉಳಿಯುತ್ತಿರಲಿಲ್ಲ. ಆದರೆ ಬಾಗಿಲು ಆಮೇಲೆ ಬಹಳ ಕಾಲ ತೆರೆಯಲೇ ಇಲ್ಲ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸಮುದಾಯ ರೇಡಿಯೊ ನೀತಿ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ನೀಡಿತು. ಸ್ವಂತ ಸುದ್ದಿ ಬಿತ್ತರಿಸಲು ಅವುಗಳಿಗೂ ಅನುಮತಿಯಿಲ್ಲ. ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಒಬ್ಬ ಮೇಷ್ಟ್ರು ಇಂದು ತಮ್ಮ ಮನೆಯಿಂದ ಊರಿಗಾಗಿ ಅಂಥದೇ ಕೇಂದ್ರ ನಡೆಸಬಯಸಿದರೆ, ವ್ಯಕ್ತಿಯಾಗಿ ಅರ್ಜಿ ಹಾಕುವ ಅರ್ಹತೆಯೇ ಅವರಿಗಿಲ್ಲ.