ಒಣನೆಲಕ್ಕೆ ಹಣ್ಣಿನ ಮರ ತಂದ ಮರೀಗೌಡರು

ಸೇವಾವಧಿಯ ಬಹುಭಾಗವನ್ನು ಬರ ಪರಿಹಾರದ ಕಡತಗಳ ನಡುವೆ ಕಳೆದ ನನಗೆ ಡಾ. ಎಂ.ಎಚ್. ಮರೀಗೌಡರ ಬದುಕು ಅರ್ಥಶಾಸ್ತ್ರದ ಪಾಠದಂತೆಯೇ ಕಾಣುತ್ತದೆ. 1916ರಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಜನಿಸಿದ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು ಲಾಲ್‌ಬಾಗಿಗೆ ಮರಳಿದರು. 1959ರಲ್ಲಿ ಅವರ ಪ್ರೇರಣೆಯಿಂದ ಹುಟ್ಟಿದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. 1963ರಲ್ಲಿ ಅವರು ತೋಟಗಾರಿಕೆ ನಿರ್ದೇಶಕರಾದರು.

ಮಳೆಯನ್ನೇ ನಂಬಿದ ನೆಲದಲ್ಲಿ ರಾಗಿ ಕೈಕೊಟ್ಟರೂ ಆಳಕ್ಕೆ ಬೇರೂರಿದ ಹಣ್ಣಿನ ಮರ ಬಡ ರೈತನನ್ನು ಕಾಯಬಲ್ಲದೆಂಬುದು ಅವರ ದೃಢ ನಿಲುವಾಗಿತ್ತು. ಅದಕ್ಕಾಗಿ ನಾಡಿನಾದ್ಯಂತ ತೋಟಗಾರಿಕೆ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ತೆರೆದರು. 1992ರಲ್ಲಿ ನಿಧನರಾದರು.

ಇಂದು ಹಳೆಯ ಮಾವಿನ ತೋಟಗಳ ಪುನಶ್ಚೇತನಕ್ಕಾಗಿ ಕೊಂಬೆಗಳನ್ನು ಭಾರಿಯಾಗಿ ಸವರುವ ಪದ್ಧತಿ ಬಂದಿದೆ. ಎಲೆ ಕಳೆದುಕೊಂಡ ಮರಕ್ಕೆ ಮೊದಲ ವಾರಗಳಲ್ಲಿ ಬೇಕಾಗುವ ನೀರು ಕಡಿಮೆ. ಆಗ ಅತಿಯಾಗಿ ಎರೆದರೆ ಬೇರು ಕೊಳೆಯಬಹುದು. ಚಿಗುರು ಹರಡಿದಂತೆ ನೀರಿನ ಬೇಡಿಕೆ ಏರುತ್ತದೆ. ಕೂಡಿಟ್ಟ ಆಹಾರವನ್ನು ಚಿಗುರಿಗೆ ವ್ಯಯಿಸಿದ ಮರಕ್ಕೆ ಆ ಹೊತ್ತಿನಲ್ಲಿ ಬರ ತಾಳುವ ಶಕ್ತಿ ಕುಂದಿರುತ್ತದೆ. ನೆರಳು ತಪ್ಪಿದ ತೊಗಟೆಗೆ ಸುಣ್ಣದ ಲೇಪ, ಬುಡಕ್ಕೆ ತರಗೆಲೆಯ ಹೊದಿಕೆ ಬೇಕಾಗುತ್ತದೆ.

ಸವರುವ ಕೂಲಿಯನ್ನಷ್ಟೇ ಲೆಕ್ಕ ಹಿಡಿದು ಮುಂದಿನ ಬೇಸಿಗೆಯ ನೀರನ್ನು ಮರೆತ ಯೋಜನೆ, ಬಡ್ಡಿಯ ಆಸೆಗೆ ಅಸಲನ್ನೇ ಕಳೆದಂತೆ. ಸಸಿ ಹಂಚುವುದಕ್ಕಷ್ಟೇ ನಿಲ್ಲದೆ ಮಾರುಕಟ್ಟೆಯವರೆಗೂ ಬೆಳೆಗಾರನ ಜತೆ ನಡೆದ ಮರೀಗೌಡರನ್ನು ಸ್ಮರಿಸುವವರು ಸವರಿದ ಮರವನ್ನೂ ಮತ್ತೆ ಫಲ ಕೊಡುವತನಕ ಕಾಯಬೇಕು.