ವೋಟಿನ ವಯಸ್ಸಿಗೆ ಮೊದಲೇ: ಶಾಂತವೇರಿ ಗೋಪಾಲಗೌಡ

ಬೆಂಗಳೂರಿನಲ್ಲಿ ವಿಧಾನಸೌಧದ ಹತ್ತಿರ ಗೋಪಾಲಗೌಡ ಸರ್ಕಲ್ ಇದೆ. ಆ ಹೆಸರಿನವರು ನಮ್ಮ ಜಿಲ್ಲೆಯವರು ಎಂದು ನನ್ನ ಕ್ಲಾಸಿನಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಅದಕ್ಕೇ ಈ ಲೇಖನ.

ಶಾಂತವೇರಿ ಗೋಪಾಲಗೌಡರು 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಅವರಿಗೆ 19 ವರ್ಷ, ಇನ್ನೂ ವಿದ್ಯಾರ್ಥಿ. ಚಳವಳಿಗೆ ಸೇರಿ ಜೈಲಿಗೆ ಹೋದರು. ಅದೇ ವರ್ಷ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರು ಸ್ವತಂತ್ರ ಎಂದು ಘೋಷಿಸಿ, ಇಬ್ಬರು ಚಿಕ್ಕ ಹುಡುಗರನ್ನೇ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದ್ದರು. ಊರಿನ ವಿಷಯದಲ್ಲಿ ಹುಡುಗರು ಮುಂದೆ ಬರುವುದು ನಮ್ಮ ಜಿಲ್ಲೆಗೆ ಹೊಸದಲ್ಲ.

ಜೈಲಿನಿಂದ ಬಂದ ಮೇಲೂ ಗೋಪಾಲಗೌಡರು ಸುಮ್ಮನಿರಲಿಲ್ಲ. ಸಮಾಜವಾದಿ ಪಕ್ಷದಲ್ಲಿ ಕೆಲಸ ಮಾಡತೊಡಗಿದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರ ಸತ್ಯಾಗ್ರಹ ನಡೆಯಿತು. ಅಲ್ಲಿ ಭೂಮಾಲೀಕರು ಗೇಣಿ ಭತ್ತವನ್ನು ರೂಢಿಗಿಂತ ದೊಡ್ಡ ಕೊಳಗದಲ್ಲಿ ಅಳೆಸಿಕೊಳ್ಳುತ್ತಿದ್ದರು. ಅಳತೆ, ತೂಕದಲ್ಲಿ ಮೋಸ ಕೂಡದು ಎಂದು ಕೇಳಿಕೊಂಡೇ ಬೆಳೆದ ನಮಗೆ ಇದು ಎಂಥ ಅನ್ಯಾಯ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಎಚ್. ಗಣಪತಿಯಪ್ಪನವರು ಕಟ್ಟಿದ ಈ ಹೋರಾಟಕ್ಕೆ ಗೋಪಾಲಗೌಡರು ಹೆಗಲು ಕೊಟ್ಟರು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಕಾಗೋಡು ದೇಶಕ್ಕೇ ಗೊತ್ತಾಯಿತು.

ಮರುವರ್ಷ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಗೋಪಾಲಗೌಡರ ಕೈಯಲ್ಲಿ ಹಣವಿರಲಿಲ್ಲ. ವೋಟಿನ ಜೊತೆಗೆ ಖರ್ಚಿಗೆ ಕಾಸನ್ನೂ ಜನರಿಂದಲೇ ಕೇಳಿದರು ಎಂದು ಹಿರಿಯರು ಹೇಳುತ್ತಾರೆ. ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ಶಾಸಕರಾದಾಗ ಅವರಿಗೆ ಇನ್ನೂ 30 ತುಂಬಿರಲಿಲ್ಲ. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಉಳುವವನಿಗೆ ಭೂಮಿ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಇವಕ್ಕಾಗಿ ಸದನದಲ್ಲಿ ವಾದಿಸಿದರು. 1972ರ ಜೂನ್ 9ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು. ರಾಜ್ಯಕ್ಕೆ ಹೊಸ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಗೇಣಿದಾರರಿಗೆ ಭೂಮಿ ಕೊಡಿಸಿದ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಎರಡನ್ನೂ ಅವರು ನೋಡಲಿಲ್ಲ.

ಇದನ್ನೆಲ್ಲ ಓದುವಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಮಾತು. ಅವರು ಜೈಲಿಗೆ ಹೋದಾಗ ಅವರಿಗೆ ವೋಟಿನ ಹಕ್ಕು ಇರಲಿಲ್ಲ. 1952ರಲ್ಲಿ ವೋಟಿಗೆ 21 ಆಗಿರಬೇಕಿತ್ತು. ಅದು 18ಕ್ಕೆ ಇಳಿದದ್ದು 1989ರಲ್ಲಿ. ಹೊಣೆ ಹೊರಲು ಅವರು ವಯಸ್ಸಿಗಾಗಿ ಕಾಯಲಿಲ್ಲ.

ಹೊಸಮನೆ ಶಿವಮೊಗ್ಗದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ಎರಡೂ ಕಡೆ ನಮ್ಮ ವಯಸ್ಸಿನವರ ಪಾಡು ಒಂದೇ. ಮೊಹಲ್ಲಾದಲ್ಲಿ ಮೀಟಿಂಗ್ ಇದ್ದರೆ ಕುರ್ಚಿ ಹಾಕಲು ಹುಡುಗರನ್ನು ಕರೆಯುತ್ತಾರೆ, ಮಾತಿಗೆ ಕರೆಯುವುದಿಲ್ಲ. ಹುಡುಗಿಯರನ್ನು ಕುರ್ಚಿ ಹಾಕಲೂ ಕರೆಯುವುದಿಲ್ಲ. ಆದರೆ ಟ್ಯೂಷನ್ ಮುಗಿಸಿ ಬರುವ ದಾರಿಯಲ್ಲಿ ಬೀದಿ ದೀಪ ಇಲ್ಲದಿದ್ದರೆ ಮೊದಲು ತೊಂದರೆಯಾಗುವುದು ಅವರಿಗೇ. ನಮ್ಮ ಮನೆಮಾತು ಉರ್ದು. ಮನೆಗೆ ಬರುವ ಸರ್ಕಾರಿ ನೋಟಿಸ್ ಕನ್ನಡದಲ್ಲಿರುತ್ತದೆ. ಅದನ್ನು ಓದಿ ದಾದಿಗೆ ಅರ್ಥ ಹೇಳುವುದು ನಾನು. ಹೀಗೆ ಓದಿ ಹೇಳುವಷ್ಟು ದೊಡ್ಡವರಾದ ನಾವು, ಅದರ ಬಗ್ಗೆ ಪ್ರಶ್ನೆ ಕೇಳಿದರೆ ಮಾತ್ರ ಮಕ್ಕಳಾಗಿಬಿಡುತ್ತೇವೆ.

ಹಿರಿಯರನ್ನು ಎದುರಿಸಿ ಎಂದು ನಾನು ಹೇಳುತ್ತಿಲ್ಲ. ಗೋಪಾಲಗೌಡರು ರೈತರ ಕಷ್ಟ ತಿಳಿದುಕೊಂಡು, ಅವರ ಜೊತೆ ನಿಂತು ಮಾತನಾಡಿದರು. ನಾವೂ ಹಾಗೆ ಮಾಡಬಹುದು. ನಮ್ಮ ರಸ್ತೆಯಲ್ಲಿ ಎಷ್ಟು ದೀಪ ಕೆಟ್ಟಿವೆ, ಎಂದಿನಿಂದ ಕೆಟ್ಟಿವೆ ಎಂದು ಎಣಿಸಿ, ಬರೆದು, ಎಲ್ಲರೂ ಸಹಿ ಹಾಕಿ ಕೊಟ್ಟರೆ ಅದನ್ನು ಮಕ್ಕಳಾಟ ಎನ್ನುವುದು ಕಷ್ಟ. ಲೆಕ್ಕ ಬರೆಯುವುದನ್ನು ಕಾಮರ್ಸ್‌ನವರಿಗೆ ಬಿಡಿ.

ಇನ್ನೊಂದು ವಿಷಯ. 17 ತುಂಬಿದವರು ಮತದಾರರ ಪಟ್ಟಿಗೆ ಮುಂಚಿತವಾಗಿಯೇ ಫಾರಂ 6 ಸಲ್ಲಿಸಬಹುದು. 18 ಆದ ಮೇಲೆ ಹೆಸರು ಸೇರುತ್ತದೆ. ಎರಡನೇ ಪಿಯುಸಿಯ ಸ್ನೇಹಿತರೇ, ಪರೀಕ್ಷೆಯ ಗಡಿಬಿಡಿಗೆ ಮೊದಲೇ ಈ ಕೆಲಸ ಮುಗಿಸಿ.